ಆಲೂಗೆಡ್ಡೆ ಸೊಪ್ಪಿನ ಲೆಕ್ಕ: ರುವಾಂಡ, ಈಜಿಪ್ಟ್ ಮತ್ತು ನಾನು ಎಡವಿದ ಜಾಗ

ಆಲೂಗೆಡ್ಡೆ ಕಿತ್ತ ಮೇಲೆ ಹೊಲದಲ್ಲಿ ಸೊಪ್ಪು, ಕಡ್ಡಿ, ಬೇರು ಉಳಿಯುತ್ತವೆ ಅಲ್ವಾ, ಆ ಉಳಿಕೆ ರುವಾಂಡದಲ್ಲಿ ಎಷ್ಟು, ಈಜಿಪ್ಟಿನಲ್ಲಿ ಎಷ್ಟು, 1961ರಿಂದ ಹೇಗೆ ಬದಲಾಗಿದೆ ಎಂದು ನಾನು ನೋಡಬೇಕಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಂಕಿಅಂಶ ತಾಣ ಫಾವೋಸ್ಟ್ಯಾಟ್‌ನಿಂದ ಅಂಕಿ ಇಳಿಸಿಕೊಂಡೆ. ಅರ್ಧ ದಿನದ ಕೆಲಸ ಅಂದುಕೊಂಡಿದ್ದೆ. ಎರಡು ವಾರ ಹಿಡಿಯಿತು.

ಮೊದಲ ತಪ್ಪು ಕೆಜಿಯದ್ದು. ಫೈಲಿನಲ್ಲಿ ಕೆಜಿ ಎಂದಿತ್ತು, ಸೊಪ್ಪಿನ ತೂಕ ಅಂದುಕೊಂಡು ಗ್ರಾಫ್ ಕೂಡ ಹಾಕಿಬಿಟ್ಟೆ. ಆಮೇಲೆ ಸುಮ್ನೆ ಒಂದು ಸಲ ವಿಸ್ತೀರ್ಣದಿಂದ ಭಾಗಿಸಿ ನೋಡಿದರೆ ಹೆಕ್ಟೇರಿಗೆ ಬರೀ ಮೂವತ್ತು ಚಿಲ್ಲರೆ ಕೆಜಿ! ಹಾಸನದ ಕಡೆ ಆಲೂಗೆಡ್ಡೆ ಹೊಲ ನೋಡಿದವರಿಗೆ ಗೊತ್ತು, ಅಷ್ಟು ಹಸಿ ಸೊಪ್ಪು ಒಂದೆರಡು ಸಾಲಿನಲ್ಲೇ ಸಿಗುತ್ತದೆ. ಅದು ಸೊಪ್ಪಿನ ತೂಕ ಅಲ್ಲ, ಅದರೊಳಗಿನ ಸಾರಜನಕದ ತೂಕ.

ಅಷ್ಟಾದ ಮೇಲೆ ಆ ಅಂಕಿಗಳ ಹಿಂದಿನ ಸೂತ್ರವನ್ನೇ ಕೈಯಲ್ಲಿ ಮಾಡಿ ನೋಡಿದೆ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಆಲೂಗೆಡ್ಡೆಯ ಒಣ ಅಂಶ, ಅಂದರೆ ನೀರು ಬಿಟ್ಟು ಉಳಿಯುವ ಪಾಲು, 0.22. ಗೆಡ್ಡೆಯ ಒಣ ತೂಕವನ್ನು 0.10ರಿಂದ ಗುಣಿಸಿ 1.06 ಟನ್ ಕೂಡಿಸಿದರೆ ನೆಲದ ಮೇಲಿನ ಉಳಿಕೆ. ರುವಾಂಡಕ್ಕೆ ಹೆಕ್ಟೇರಿಗೆ 10 ಟನ್ ಇಳುವರಿ ಎಂದು ಹಿಡಿದೆ: 1.28 ಟನ್ ಬಂತು. ನೀರಾವರಿ ಇರುವ ಈಜಿಪ್ಟಿಗೆ 25 ಟನ್ ಹಿಡಿದೆ: 1.61 ಟನ್. ಬೇರಿನದ್ದೂ ಸೇರಿಸಿದರೆ ಇದರೊಳಗಿನ ಸಾರಜನಕ ಹೆಕ್ಟೇರಿಗೆ ಒಂದು ಕಡೆ ಸುಮಾರು 34 ಕೆಜಿ, ಇನ್ನೊಂದು ಕಡೆ ಸುಮಾರು 50 ಕೆಜಿ.

ನನಗೆ ಕಣ್ಣು ತೆರೆದದ್ದು ಇಲ್ಲೇ. ಇಳುವರಿ ಎರಡೂವರೆ ಪಟ್ಟು, ಉಳಿಕೆಯ ಸಾರಜನಕ ಮಾತ್ರ ಒಂದೂವರೆ ಪಟ್ಟು. ಕಾರಣ ಆ 1.06. ಗೆಡ್ಡೆ ಕಡಿಮೆ ಬಿಟ್ಟರೂ ಗಿಡ ಬೆಳೆದೇ ಬೆಳೆದಿರುತ್ತದೆ, ಹಾಗಾಗಿ ಈ ಲೆಕ್ಕದಲ್ಲಿ ಟನ್ನಿಗಿಂತ ಎಷ್ಟು ನೆಲಕ್ಕೆ ಬಿತ್ತಿದ್ದಾರೆ ಅನ್ನೋದೇ ಜಾಸ್ತಿ ತೂಗುತ್ತದೆ. ಒಂದು ಟನ್ ಗೆಡ್ಡೆಗೆ ಎಷ್ಟು ಸಾರಜನಕ ಎಂದು ಕೇಳಿದರೆ ರುವಾಂಡದ್ದು 3.4 ಕೆಜಿ, ಈಜಿಪ್ಟಿನದ್ದು 2. ಉತ್ಪಾದನೆಯ ಗೆರೆ ನೋಡಿ ಉಳಿಕೆಯನ್ನು ಊಹಿಸಲು ಹೋದವರು ಖಂಡಿತ ತಪ್ಪುತ್ತಾರೆ, ನಾನೂ ತಪ್ಪಿದ್ದೆ.

ವಿಸ್ತೀರ್ಣ ಎಂದರೂ ಹುಷಾರು. ರುವಾಂಡದ ಮುಸಾಂಜೆ, ನ್ಯಾಬಿಹು ಜಿಲ್ಲೆಗಳ ಕಡೆಯ ಜ್ವಾಲಾಮುಖಿ ಮಣ್ಣಿನಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುವ ರೈತರಿದ್ದಾರೆ, ನೈಲ್ ಮುಖಜಭೂಮಿಯಲ್ಲೂ ಒಂದಕ್ಕಿಂತ ಜಾಸ್ತಿ ಹಂಗಾಮು ಇದೆ. ಫೈಲಿನಲ್ಲಿರುವುದು ಕಟಾವಾದ ವಿಸ್ತೀರ್ಣ, ಅದೇ ಹೊಲ ಎರಡು ಸಲ ಬೆಳೆದರೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಉಳಿಕೆಗೆ ಅದೇ ಸರಿ ಕೂಡ, ಸೊಪ್ಪೂ ಎರಡು ಸಲ ಬೀಳುತ್ತದಲ್ಲ.

ಇನ್ನು 1994. ಆ ವರ್ಷ ರುವಾಂಡದಲ್ಲಿ ನರಮೇಧ ನಡೆಯಿತು, ಎಷ್ಟೋ ಕಡೆ ಬಿತ್ತಿದವರೇ ಕೀಳಲು ಉಳಿಯಲಿಲ್ಲ. ಅಂಥ ವರ್ಷದ ಸಂಖ್ಯೆಯನ್ನು ಪಕ್ಕದ ವರ್ಷಗಳ ಜೊತೆ ಸೇರಿಸಿ ಸರಾಸರಿ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಫೈಲಿನಲ್ಲಿ ಪ್ರತಿ ಸಂಖ್ಯೆಯ ಪಕ್ಕ ಒಂದು ಅಕ್ಷರ ಇರುತ್ತದೆ, ಎ ಎಂದರೆ ಸರ್ಕಾರ ಕೊಟ್ಟದ್ದು, ಇ ಎಂದರೆ ಅಂದಾಜು. ಆ ಕಾಲಂ ಅಳಿಸದೆ ಇಟ್ಟುಕೊಂಡೆ, ಅಂದಾಜಿನ ವರ್ಷಗಳನ್ನು ಚುಕ್ಕೆ ಗೆರೆಯಲ್ಲಿ ಎಳೆದೆ, 1994ರ ಹತ್ತಿರ ಗೆರೆಯನ್ನು ಕತ್ತರಿಸಿ ಖಾಲಿ ಬಿಟ್ಟೆ.