ಪಟ್ಟಿ ಬಿಟ್ಟೆ, 'ಇಟ್' ಹಿಡಿದೆ

"ಇದು ನಡೆಯೋ ಮಾತಲ್ಲ ಬಿಡಿ" ಎಂದು ನನ್ನ ಜೊತೆ ಪಾಠ ಮಾಡುವ ಮೇಷ್ಟ್ರು ಮುಖಕ್ಕೇ ಹೇಳಿದ್ದರು. ಹತ್ತು ದಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ ವಸ್ತುವಿನ ಹೆಸರೇ ಎತ್ತುವುದಿಲ್ಲ, ಬರೀ ಇಟ್, ಹಿಮ್, ಹರ್, ದೆಮ್ ಇಟ್ಟುಕೊಂಡು ಮಾತಾಡಿಸುತ್ತೇನೆ ಎಂದಿದ್ದೆ. ಈಗ ಅದೇ ಮೇಷ್ಟ್ರು ಬಂದು ನನ್ನ ವಾಕ್ಯಗಳ ಹಾಳೆ ಕೇಳಿಕೊಂಡು ಹೋಗಿದ್ದಾರೆ. ಪೂರ್ತಿ ಕೊಟ್ಟಿಲ್ಲ, ಅದು ಬೇರೆ ಮಾತು.

ಸ್ಪೋಕನ್ ಇಂಗ್ಲಿಷ್ ಕಲಿಸುವ ನಮ್ಮೆಲ್ಲರ ಹತ್ತಿರವೂ 'ಪಿಕ್ ಅಪ್' ಥರ ಕ್ರಿಯಾಪದದ ಜೊತೆ ಚಿಕ್ಕ ಪದ ಸೇರಿದ ಜೋಡಿಗಳ, ಅಂದರೆ ಫ್ರೇಸಲ್ ವರ್ಬ್‌ಗಳ ಒಂದು ಪಟ್ಟಿ ಇರುತ್ತದೆ, ಅಲ್ವಾ? ನನ್ನದರಲ್ಲಿ ಸುಮಾರು 300 ಇದ್ದವು. ಹುಮ್ಮಸ್ಸಿನಲ್ಲಿ ಅದನ್ನೇ ಪುಸ್ತಕ ಮಾಡಿಸಿ 250 ಪ್ರತಿ ಹಾಕಿಸಿದೆ. ಒಂದು ಬ್ಯಾಚಿನ ಫೀಸು ಹೆಚ್ಚುಕಡಿಮೆ ಪೂರ್ತಿ ಅದಕ್ಕೇ ಹೋಯಿತು. ಮಾರಾಟವಾಗಿದ್ದು 60-70 ಇರಬೇಕು. ಉಳಿದ ಕಟ್ಟು ಇವತ್ತಿಗೂ ಬೀರುವಿನ ಮೇಲೆ ಧೂಳು ತಿನ್ನುತ್ತಿದೆ.

ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಪಾಠ ಕೆಟ್ಟಿದ್ದಕ್ಕೆ. 'ಟೇಕ್ ಆಫ್', 'ಟೇಕ್ ಇನ್', 'ಟೇಕ್ ಓವರ್' ಎಲ್ಲ ಒಂದೇ ಪುಟದಲ್ಲಿ. ಓದಿದವರಿಗೆ ಎಲ್ಲವೂ ಕಲಸಿಹೋಯಿತು. ಮುಂದಿನ ಬ್ಯಾಚಿಗೆ ತಿರುವುಮುರುವು ಮಾಡಿ, ಅಪ್ ಬರುವವೆಲ್ಲ ಒಂದು ಕಡೆ, ಆಫ್ ಬರುವವೆಲ್ಲ ಒಂದು ಕಡೆ ಹಾಕಿದೆ. ಹಣೆಬರಹ ಬದಲಾಗಲಿಲ್ಲ. ಅದರ ನಂತರದ ಬ್ಯಾಚಿಗೆ ಬೋರ್ಡಿನ ಮೇಲೆ ವ್ಯಾಕರಣ ಬರೆದೆ: ಯಾವ ಜೋಡಿಯನ್ನು ನಡುವೆ ಪದ ಇಟ್ಟು ಬಿಡಿಸಬಹುದು, ಯಾವುದನ್ನು ಬಿಡಿಸಬಾರದು. ಪೇಪರಿನಲ್ಲಿ ಎಲ್ಲ ಸರಿ ಬರೆದರು. ಬಾಯಿ ಬಿಟ್ಟರೆ ಅದೇ ಹಳೇ ರಾಗ. ಆ ಬ್ಯಾಚಿನ ಮೂವರು ಅರ್ಧ ಫೀಸು ವಾಪಸ್ ಕೇಳಿದರು. ಯಾವ ಮುಖ ಇಟ್ಟುಕೊಂಡು ಇಲ್ಲ ಅನ್ನಲಿ? ಕೊಟ್ಟೆ.

ಕಣ್ಣು ತೆರೆಸಿದ್ದು ಒಂದು ಪೆನ್ನು. ಮೇಜಿನಿಂದ ಬಿತ್ತು. ಒಬ್ಬ ಹುಡುಗ ಪಕ್ಕದವನಿಗೆ 'ಪಿಕ್ ಅಪ್ ದ ಪೆನ್' ಅಂದ. ಭೇಷ್ ಅಂದುಕೊಂಡೆ. ಪಕ್ಕದವನು ಕೂತೇ ಇದ್ದ. ಇವನು ರೇಗಿ, 'ಪಿಕ್ ಅಪ್ ಇಟ್!' ಅಂದ. ಅಲ್ಲಿ ಸಿಕ್ಕಿತು ನೋಡಿ. 'ಪಿಕ್ ಅಪ್ ದ ಪೆನ್' ಅಂದರೂ ಸರಿ, 'ಪಿಕ್ ದ ಪೆನ್ ಅಪ್' ಅಂದರೂ ಸರಿ. ಹೆಸರು ಇರುವ ತನಕ ಎರಡೂ ನಡೆಯುತ್ತದೆ, ಹಾಗಾಗಿ ತಪ್ಪು ಹೊರಗೇ ಬರುವುದಿಲ್ಲ. ಇಟ್ ಬಂದಾಗ ಮಾತ್ರ ಒಂದೇ ದಾರಿ: 'ಪಿಕ್ ಇಟ್ ಅಪ್'. ನಾನು ಇಷ್ಟು ವರ್ಷ ತಪ್ಪು ಅಡಗಿಕೊಳ್ಳುವ ಜಾಗದಲ್ಲೇ ಪಾಠ ಮಾಡುತ್ತಿದ್ದೆ!

ಮುಂದಿನ ಬ್ಯಾಚಿನಲ್ಲಿ 14 ಜನ ಇದ್ದರು. ಮೇಜಿನ ಮೇಲೆ ಕೈಗೆ ಸಿಕ್ಕ ಸಾಮಾನು ಹರಡಿದೆ. ಹೆಸರು ಹೇಳುವಂತಿಲ್ಲ, ಬೆರಳು ತೋರಿಸಿ ಮಾತಾಡಬೇಕು. 'ಪಿಕ್ ಇಟ್ ಅಪ್', 'ಟರ್ನ್ ಇಟ್ ಓವರ್', 'ಪುಟ್ ಇಟ್ ಬ್ಯಾಕ್', 'ಗಿವ್ ಇಟ್ ಟು ಹರ್', 'ಟೇಕ್ ಇಟ್ ಫ್ರಮ್ ಹಿಮ್'. ಒಬ್ಬರು ಹೇಳೋದು, ಇನ್ನೊಬ್ಬರು ಮಾಡೋದು. ದಿನಕ್ಕೆ ನಾಲ್ಕೇ ವಾಕ್ಯ. ಮೂರನೇ ದಿನಕ್ಕೆ ಒಬ್ಬರು "ಮಕ್ಕಳಾಟ ಆಯ್ತಲ್ಲ ಸರ್" ಅಂದರು. ಆಡ್ರಪ್ಪ ಅಂದೆ.

ಎರಡನೇ ಗುಟ್ಟು ಕಿವಿಯಲ್ಲಿದೆ. 'ಪಿಕ್ ಇಟ್ ಅಪ್' ಅನ್ನುವಾಗ ಒತ್ತು ಅಪ್ ಮೇಲೆ ಬೀಳುತ್ತದೆ. ಮೂರೂ ಅಂಟಿಕೊಂಡು 'ಪಿಕಿಟಪ್' ಎಂದು ಒಂದೇ ಪದದ ಹಾಗೆ ಕೇಳಿಸುತ್ತದೆ. 'ಲುಕ್ ಅಟ್ ಇಟ್' ಅನ್ನುವಾಗ ಒತ್ತು ಲುಕ್ ಮೇಲೆ, ಅಟ್ ಮೆತ್ತಗೆ ಜಾರಿಹೋಗುತ್ತದೆ. 'ವೇಟ್ ಫಾರ್ ಮಿ', 'ಲಿಸನ್ ಟು ಹರ್' ಕೂಡ ಹೀಗೇ. ಒತ್ತು ಬೀಳುವ ಕಡೆ ಮೇಜು ಕುಟ್ಟಿಸಿದೆ. ವ್ಯಾಕರಣದ ಹೆಸರು ಒಂದೂ ಹೇಳದೆ ಇಟ್ ನಡುವೆ ಕೂರುವ ಜಾತಿ, ಕೊನೆಗೆ ಕೂರುವ ಜಾತಿ ಎರಡೂ ತಾನಾಗೇ ಬೇರೆಯಾದವು.

ಇಲ್ಲೊಂದು ತಮಾಷೆ ನಡೆಯಿತು. 'ಟರ್ನ್ ಇಟ್ ಆನ್' ಫ್ಯಾನಿಗೆ. 'ದ ಡಾಗ್ ಟರ್ನ್ಡ್ ಆನ್ ಹಿಮ್' ಅಂದರೆ ನಾಯಿ ಅವನ ಮೇಲೇ ತಿರುಗಿಬಿತ್ತು ಎಂದು. ಒಬ್ಬ ಎರಡನ್ನೂ ಸೇರಿಸಿ ನಾಯಿಯ ವಾಕ್ಯದಲ್ಲಿ ಹಿಮ್ ಅನ್ನು ಮಧ್ಯಕ್ಕೆ ತಂದ. ಹಾಗಂದರೆ ಬರುವ ಪೋಲಿ ಅರ್ಥ ಗೊತ್ತಿದ್ದ ಇಬ್ಬರು ಮುಸಿಮುಸಿ ನಕ್ಕರು. ಗೊತ್ತಿಲ್ಲದವರಿಗೆ ನಾನು ಬಿಡಿಸಿ ಹೇಳಲಿಲ್ಲ. 'ಸೀ ಇಟ್ ಥ್ರೂ', 'ಸೀ ಥ್ರೂ ಹಿಮ್' ಜೋಡಿ ಇದಕ್ಕಿಂತ ಸೇಫ್. ಮೊದಲನೆಯದು ಹಿಡಿದ ಕೆಲಸವನ್ನು ಕೊನೆ ಮುಟ್ಟಿಸೋದು, ಎರಡನೆಯದು ಅವನ ನಾಟಕ ಗೊತ್ತಾಗೋದು.

ನಮ್ಮವರಿಗೆ ದೊಡ್ಡ ಕಾಟ ಅಂದರೆ 'ನನಗೆ'. ನನಗೆ ಕೊಡು, ನನಗೆ ಹೇಳು, ನನಗೆ ವಿವರಿಸು. ನಮಗೆ ಎಲ್ಲಕ್ಕೂ ಒಂದೇ 'ಗೆ' ಸಾಕು. ಇಂಗ್ಲಿಷಿನಲ್ಲಿ 'ಟೆಲ್ ಮಿ' ಸರಿ, 'ಎಕ್ಸ್‌ಪ್ಲೇನ್ ಮಿ' ತಪ್ಪು, 'ಎಕ್ಸ್‌ಪ್ಲೇನ್ ಇಟ್ ಟು ಮಿ' ಅನ್ನಬೇಕು. ನಾನು ಒಂದು ಒರಟು ಲೆಕ್ಕ ಹೇಳಿಕೊಟ್ಟೆ. ಗಿವ್, ಟೆಲ್, ಶೋ, ಸೆಂಡ್, ಬ್ರಿಂಗ್ ಥರದ ಚಿಕ್ಕ, ಹಳೇ ಮನೆಮಾತಿನ ಪದಗಳ ಪಕ್ಕ ಮಿ ನೇರ ಕೂರುತ್ತದೆ. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಅನೌನ್ಸ್ ಥರ ಲ್ಯಾಟಿನ್ ಕಡೆಯಿಂದ ಬಂದ ಉದ್ದ ಪದಗಳಿಗೆ ಟು ಬೇಕು. 'ಸೇ' ಚಿಕ್ಕದಾದರೂ ಟು ಕೇಳುತ್ತದೆ, 'ಪ್ರಾಮಿಸ್' ಹೊರಗಿನದಾದರೂ ಕೇಳುವುದಿಲ್ಲ. ಹತ್ತಕ್ಕೆ ಏಳೆಂಟು ಕಡೆ ಲೆಕ್ಕ ಸರಿ ಬರುತ್ತದೆ, ಅಷ್ಟು ಸಾಕು. ಡಿಸ್ಕಸ್ ಆದಮೇಲೆ ಅಬೌಟ್, ರೀಚ್ ಆದಮೇಲೆ ಟು ಎಂದು ನಾವು ಸುಮ್ನೆ ಹಚ್ಚುವುದನ್ನು ಬಿಡಿಸಲು ಮಾತ್ರ ಎರಡು ವಾರ ಹಿಡಿಯಿತು. 'ಊರಿಗೆ ತಲುಪಿದೆ' ಅನ್ನುವ ನಾಲಿಗೆಗೆ ಬರೀ 'ರೀಚ್ಡ್' ಅಂದರೆ ಬೋಳುಬೋಳು ಅನ್ನಿಸುತ್ತದೆ.

ಇನ್ನೊಂದು ರೋಗ ಇಟ್ ನುಂಗುವುದು. "ಪುಸ್ತಕ ಓದಿದ್ಯಾ?" "ಹೂಂ, ಓದಿದೆ." ಕನ್ನಡದಲ್ಲಿ 'ಅದನ್ನು' ಬೇಕಾಗಿಯೇ ಇಲ್ಲ. 'ಡಿಡ್ ಯೂ ಲೈಕ್ ಇಟ್?' ಎಂದು ಕೇಳಿದರೆ 'ಯೆಸ್, ಐ ಲೈಕ್ಡ್' ಎಂದು ಅಲ್ಲೇ ನಿಲ್ಲುತ್ತಾರೆ. ಇದಕ್ಕೆ ನಾನು ಮಾಡಿದ್ದು ಇಷ್ಟೇ: ಇಟ್ ನುಂಗಿದರೆ ನಾನು ಮುಂದಿನ ಮಾತು ಆಡದೆ ಮುಖ ನೋಡುತ್ತಾ ಕೂರೋದು. ಅರ್ಧ ನಿಮಿಷದ ಮೌನ ನೂರು ತಿದ್ದುಪಡಿಗೆ ಸಮ.

ಮಧ್ಯೆ ಒಂದು ಪ್ರಯೋಗವನ್ನೂ ಮಾಡಿದೆ. 'ಡ್ರಿಂಕ್ ಇಟ್ ಅಪ್' ಅಂದರೆ ಹೆಚ್ಚುಕಡಿಮೆ ನಮ್ಮ 'ಕುಡಿದುಬಿಡು'. 'ಈಟ್ ಇಟ್ ಅಪ್', 'ತಿಂದುಬಿಡು'. ಅಪ್ ಅಂದರೆ ಬಿಡು ಎಂದು ಹೇಳಿಕೊಟ್ಟೆ. ಒಂದು ದಿನ ಎಲ್ಲರೂ ಖುಷಿಯಾಗಿದ್ದರು. ಮಾರನೇ ದಿನ ಒಬ್ಬಳು 'ಹೋಗಿಬಿಟ್ಟ' ಅನ್ನೋದಕ್ಕೆ 'ಹಿ ವೆಂಟ್ ಅಪ್' ಎಂದು ಬರೆದು ತಂದಳು. ಮೇಲಕ್ಕೇ ಕಳಿಸಿಬಿಟ್ಟಿದ್ದಳು. ಆ ಪ್ರಯೋಗ ಅಲ್ಲಿಗೆ ನಿಂತಿತು.

ಆರು ವಾರ ಆದಮೇಲೆ 30 ವಾಕ್ಯದ ಬಾಯಿಪರೀಕ್ಷೆ ಮಾಡಿದೆ. ಮೊದಲ ವಾರ ತಲೆಗೆ 11-12 ಸರಿ ಬರುತ್ತಿದ್ದದ್ದು 23-24ಕ್ಕೆ ಬಂತು. ಎರಡು ತಿಂಗಳು ಬಿಟ್ಟು ಕರೆದು ಕೇಳಿದಾಗಲೂ 20ರ ಹತ್ತಿರ ನಿಂತಿತ್ತು. ಕಲಿಸಿದ್ದು ಬರೀ 40 ಚಿಲ್ಲರೆ ಜೋಡಣೆ. ಈ ಸಲ ಯಾರೂ ಫೀಸು ವಾಪಸ್ ಕೇಳಲಿಲ್ಲ, ಅದರ ಮೇಲೆ ಇಬ್ಬರು ತಮ್ಮ ತಂಗಿಯರನ್ನು ಸೇರಿಸಿದರು. ಖರ್ಚು? ಮೇಜು ಕುಟ್ಟಿದ್ದಷ್ಟೇ. 'ಪುಟ್ ಅಪ್ ವಿತ್ ಹಿಮ್' (ಅವನನ್ನು ಸಹಿಸಿಕೋ) ಥರ ಮೂರು ತುಂಡಿನವುಗಳಲ್ಲಿ ಮಾತ್ರ ಇನ್ನೂ ಎಡವುತ್ತಾರೆ, ಹಿಮ್ ಎತ್ತಿ ನಡುವೆ ತುರುಕುತ್ತಾರೆ.

ಯಾವ ಜೋಡಣೆ ಯಾವ ದಿನ ಅನ್ನುವ ಕ್ರಮವನ್ನೂ ಕೊನೇ ದಿನ ಆಡಿಸುವ ಆಟವನ್ನೂ ಇಲ್ಲಿ ಬರೆಯುತ್ತಿಲ್ಲ. ಕೈಸುಟ್ಟುಕೊಂಡು ಕಲಿತದ್ದು, ಸ್ವಲ್ಪ ಇಟ್ಟುಕೊಳ್ಳುತ್ತೇನೆ.

ಮೊನ್ನೆ ಕ್ಲಾಸು ಗುಡಿಸುವಾಗ ಒಬ್ಬ ಹುಡುಗಿ ಬೀರುವಿನ ಮೇಲಿನ ಪುಸ್ತಕದ ಕಟ್ಟು ಇಳಿಸಿ, ಧೂಳು ಕೊಡವಿ ಕೇಳಿದಳು: 'ಶಲ್ ಐ ಥ್ರೋ ದೆಮ್ ಅವೇ, ಸರ್?' ದೆಮ್ ಸರಿಯಾಗಿ ನಡುವೆ ಕೂತಿತ್ತು, ಒತ್ತು ಅವೇ ಮೇಲಿತ್ತು. 'ನೋ, ಪುಟ್ ದೆಮ್ ಬ್ಯಾಕ್' ಅಂದೆ.