ಬೆಳಕು ತೂರಿ ಬರುವ ತೆರೆಯನ್ನು ಅಕ್ರಿಲಿಕ್‌ನಲ್ಲಿ ಬಿಡಿಸುವುದು

ಕಾಪು ಕಡಲತೀರದ ಬಂಡೆ ಮೇಲೆ ಸಂಜೆ 5 ಗಂಟೆಗೆ ಕೂತು ನೋಡಿ. ನಮ್ಮ ಕರಾವಳಿಯಲ್ಲಿ ಆ ಹೊತ್ತಿಗೆ ಸೂರ್ಯ ತೆರೆಯ ಹಿಂದೆ ಇರುತ್ತಾನೆ. ತೆರೆ ಎದ್ದು ನಿಂತು ತಲೆ ಬಾಗಿಸುವ ಮೊದಲು ಅದರ ಕುತ್ತಿಗೆ ತೆಳ್ಳಗಾಗುತ್ತದೆ. ಬೆಳಕು ಅಲ್ಲಿಂದ ತೂರಿ ಬರುತ್ತದೆ. ಎಳೆ ಬಾಳೆಎಲೆಯನ್ನು ಬಿಸಿಲಿಗೆ ಹಿಡಿದರೆ ಕಾಣುತ್ತಲ್ವಾ, ಆ ಹಸಿರು. ನನಗೆ ಚಿತ್ರದಲ್ಲಿ ಬೇಕಾದದ್ದು ಅದೊಂದೇ. ಮಳೆಗಾಲದಲ್ಲಿ ಹೊಳೆಗಳ ಕೆಸರು ಸೇರಿ ನೀರು ಕಂದಾಗಿರುತ್ತದೆ, ಆಗ ಈ ಹಸಿರು ಸಿಗೋದಿಲ್ಲ. ಅಕ್ಟೋಬರ್ ಕಳೆದ ಮೇಲೆ ಹೋಗಿ.

12x16 ಇಂಚಿನ ಕ್ಯಾನ್ವಾಸ್ ಸಾಕು. ಬಣ್ಣ ಐದೇ: ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಗ್ರೀನ್, ಲೆಮನ್ ಯೆಲ್ಲೋ, ಬರ್ನ್ಟ್ ಅಂಬರ್ (ಗಾಢ ಕಂದು), ಟೈಟಾನಿಯಂ ವೈಟ್. ಕಪ್ಪು ಬೇಡ, ನೀಲಿಗೆ ಅಂಬರ್ ಬೆರೆಸಿದರೆ ಬೇಕಾದಷ್ಟು ಗಾಢ ಬರುತ್ತದೆ. ನೀರು ಆಕಾಶ ಸೇರುವ ಗೆರೆಯನ್ನು ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಟೇಪ್ ಅಂಟಿಸಿ ಎಳೆಯಿರಿ. ಅದು ಒಂಚೂರು ವಾಲಿದರೂ ಸಮುದ್ರ ಚೆಲ್ಲಿದ ಹಾಗೆ ಕಾಣುತ್ತದೆ. 1901ರ ದೀಪಸ್ತಂಭ ಪಕ್ಕದಲ್ಲೇ ಇದೆ, ಅದನ್ನೂ ಸೇರಿಸೋಣ ಅನ್ನಿಸುತ್ತದೆ. ಈ ಚಿತ್ರದಲ್ಲಿ ಬೇಡ, ಕಣ್ಣು ಅತ್ತಲೇ ಓಡುತ್ತದೆ.

ಈಗ ತೆರೆ. ಬುಡದಲ್ಲಿ ನೀಲಿ, ಹಸಿರು, ಅಂಬರ್ ಸೇರಿದ ಗಾಢ ಬಣ್ಣ. ಮೇಲೆ ಹೋಗುತ್ತಾ ಅಂಬರ್ ಬಿಡಿ, ಹಸಿರು ಜಾಸ್ತಿ ಮಾಡಿ. ಕುತ್ತಿಗೆಯಲ್ಲಿ ಲೆಮನ್ ಯೆಲ್ಲೋ, ಚಿಟಿಕೆಯಷ್ಟು ಬಿಳಿ. ಬ್ರಷ್ ಅಡ್ಡ ಓಡಬಾರದು, ತೆರೆ ಏಳುವ ಬಾಗಿನ ಜೊತೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಅಕ್ರಿಲಿಕ್ ಬೇಗ ಒಣಗುತ್ತದೆ. ಫ್ಯಾನ್ ಆರಿಸಿ, ನಡುನಡುವೆ ನೀರು ಸ್ಪ್ರೇ ಮಾಡಿ, ಹಸಿ ಇರುವಾಗಲೇ ಬಣ್ಣಗಳನ್ನು ಒಂದಕ್ಕೊಂದು ಬೆರೆಸಿ. ಆಯಿಲ್ ಪೇಂಟ್‌ನಲ್ಲಿ ಈ ಅವಸರವಿಲ್ಲ, ಆದರೆ ನೊರೆ ಹಾಕಲು ಕೆಳಗಿನ ಬಣ್ಣ ಒಣಗುವ ತನಕ ದಿನಗಟ್ಟಲೆ ಕಾಯಬೇಕು.

ನೊರೆಯಲ್ಲೇ ನಾನು ವರ್ಷಗಟ್ಟಲೆ ತಪ್ಪಿದೆ. ಟ್ಯೂಬಿನ ಬಿಳಿಯನ್ನೇ ಹಚ್ಚುತ್ತಿದ್ದೆ, ಹತ್ತಿ ಅಂಟಿಸಿದ ಹಾಗೆ ಕಾಣುತ್ತಿತ್ತು. ಒಂದು ಸಂಜೆ ಕಣ್ಣು ಅರ್ಧ ಮುಚ್ಚಿ ನೋಡಿದೆ. ಬೆಳಕು ಹಿಂದಿನಿಂದ ಬರುವಾಗ ನಮ್ಮ ಕಡೆಯ ನೊರೆ ನೆರಳಲ್ಲಿರುತ್ತದೆ, ಆಕಾಶಕ್ಕಿಂತ ಮಂಕು! ಅವತ್ತಿನಿಂದ ಬಿಳಿಗೆ ನೀಲಿ, ಚೂರು ಅಂಬರ್ ಬೆರೆಸಿ ಬೂದು ಬಣ್ಣ ಮಾಡಿಕೊಳ್ಳುತ್ತೇನೆ. ಅಪ್ಪಟ ಬಿಳಿ ತೆರೆಯ ನೆತ್ತಿಯಲ್ಲಿ ಬಿಸಿಲು ಮುಟ್ಟುವ ಐದಾರು ಚುಕ್ಕೆಗೆ ಮಾತ್ರ. ಇದಕ್ಕೆ ಕೂದಲು ಕೆದರಿದ ಹಳೇ ಬ್ರಷ್ಷೇ ಚೆನ್ನ.

ನೀರ ಮೇಲೆ ಹರಡಿದ ನೊರೆ ಬಲೆಯ ಹಾಗೆ. ಹತ್ತಿರದ ಕಣ್ಣುಗಳು ದೊಡ್ಡವು, ದೂರ ಹೋದಂತೆ ಚಪ್ಪಟೆ. ಅದೇ ಬಲೆ ಏಳುತ್ತಿರುವ ತೆರೆಯ ಮೈಮೇಲೆ ಉದ್ದಕ್ಕೆ ಜಗ್ಗಿಕೊಳ್ಳುತ್ತದೆ. ದೂರದ ಆಳದಲ್ಲಿ ಮುರಿಯುವ ತೆರೆ ಬರೆಯಬೇಡಿ. ಒಂದು ಮೀಟರ್ ಎತ್ತರದ ತೆರೆ ಸುಮಾರು 1.3 ಮೀಟರ್ ಆಳಕ್ಕೆ ಬಂದ ಮೇಲಷ್ಟೇ ಮುರಿಯುತ್ತದೆ. ಒದ್ದೆ ಮರಳಿಗೆ ಆಕಾಶದ ಬಣ್ಣ ಕೊಡಿ.

ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಗಾಢವಾಗುತ್ತದೆ. ಮರುದಿನ ನೋಡಿ. ಹಸಿರು ಮಂಕಾಗಿದ್ದರೆ ಲೆಮನ್ ಯೆಲ್ಲೋವನ್ನು ನೀರಿನಲ್ಲಿ ತೆಳ್ಳಗೆ ಮಾಡಿ ಕುತ್ತಿಗೆಯ ಮೇಲಷ್ಟೇ ಒಂದು ಕೈ ಎಳೆಯಿರಿ.