ಸ್ಲೀಪ್ ಆಪ್ನಿಯ ಇದ್ದವರು ಟಮ್ಮಿ ಟಕ್ ಮಾಡಿಸಿಕೊಳ್ಳುವುದು ಹೇಗೆ?

ಹೆರಿಗೆಯ ನಂತರ ಅಥವಾ ತೂಕ ಬಹಳಷ್ಟು ಇಳಿದ ಮೇಲೆ ಜೋತುಬಿದ್ದ ಹೊಟ್ಟೆಯ ಚರ್ಮವನ್ನು ತೆಗೆದು, ಸಡಿಲವಾದ ಸ್ನಾಯುಗಳನ್ನು ಹೊಲಿದು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆಗೆ ಅಬ್ಡಾಮಿನೊಪ್ಲಾಸ್ಟಿ ಅಥವಾ ಟಮ್ಮಿ ಟಕ್ ಎನ್ನುತ್ತಾರೆ. ನಿದ್ರೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯ ಇದ್ದವರು ಇದನ್ನು ಮಾಡಿಸಿಕೊಳ್ಳಲೇಬಾರದು ಎಂದೇನೂ ಇಲ್ಲ. ಆದರೆ ಇಂಥವರ ಪೂರ್ವ ತಪಾಸಣೆಯಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಒಂದೇ ತಪ್ಪು ತಿಳಿವಳಿಕೆ. ಎಲ್ಲರಿಗೂ ಭಯವಿರುವುದು ಆಪರೇಷನ್ ಟೇಬಲ್ಲಿನ ಮೇಲೆ ಕಳೆಯುವ ಗಂಟೆಗಳ ಬಗ್ಗೆ, ಅಪಾಯ ಹೆಚ್ಚಿರುವುದು ಆಮೇಲಿನ ರಾತ್ರಿಗಳಲ್ಲಿ.

ಹಂತ 1: ರೋಗವಿದೆಯೇ ಎಂದು ತಿಳಿಯಿರಿ. ಜೋರಾದ ಗೊರಕೆ, ಹಗಲಿನ ತೂಕಡಿಕೆ, ನಿದ್ರೆಯಲ್ಲಿ ಉಸಿರು ನಿಂತದ್ದನ್ನು ಮನೆಯವರು ಕಂಡಿರುವುದು, ರಕ್ತದೊತ್ತಡ, 35ಕ್ಕಿಂತ ಹೆಚ್ಚಿನ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ), 50 ದಾಟಿದ ವಯಸ್ಸು, ದಪ್ಪ ಕತ್ತು, ಪುರುಷರಾಗಿರುವುದು, ಈ ಎಂಟರಲ್ಲಿ ಮೂರು ನಿಮಗೆ ಅನ್ವಯಿಸಿದರೂ ನಿದ್ರಾ ಪರೀಕ್ಷೆ ಮಾಡಿಸಿ. ಐದು ಅನ್ವಯಿಸಿದರೆ ಪರೀಕ್ಷೆಯ ವರದಿ ಕೈಸೇರುವವರೆಗೆ ಶಸ್ತ್ರಚಿಕಿತ್ಸೆಯ ದಿನಾಂಕವನ್ನೇ ಗೊತ್ತುಮಾಡಬೇಡಿ. ಗೊರಕೆಯ ವಿಷಯ ಹೇಳಿಕೊಳ್ಳಲು ಹೆಂಗಸರು ಸಂಕೋಚಪಡುತ್ತಾರೆ, ಆದ್ದರಿಂದ ಅವರಲ್ಲಿ ರೋಗ ಪತ್ತೆಯಾಗದೆ ಉಳಿಯುವುದು ಹೆಚ್ಚು. ವರದಿಯಲ್ಲಿ ಗಂಟೆಗೆ 15ಕ್ಕಿಂತ ಹೆಚ್ಚು ಬಾರಿ ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ರೋಗ ಮಧ್ಯಮ, 30 ಮೀರಿದರೆ ತೀವ್ರ.

ಹಂತ 2: ಸಿಪ್ಯಾಪ್ ಯಂತ್ರವನ್ನು ಮೊದಲೇ ರೂಢಿಸಿಕೊಳ್ಳಿ. ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಟ್ಟು, ನಿದ್ರೆಯಲ್ಲಿ ಗಂಟಲಿನ ದಾರಿ ಮುಚ್ಚದಂತೆ ನೋಡಿಕೊಳ್ಳುವ ಯಂತ್ರವಿದು. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಯಂತ್ರ ತಂದು, ಮಾರನೆಯ ರಾತ್ರಿ ನೋವಿನ ನಡುವೆ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ನಿದ್ರಿಸಲು ಯಾರಿಂದಲೂ ಆಗದು. ಕನಿಷ್ಠ ಒಂದು ತಿಂಗಳು ಪ್ರತಿ ರಾತ್ರಿ ಬಳಸಿ, ಯಂತ್ರವೇ ದಾಖಲಿಸಿಡುವ ಬಳಕೆಯ ವರದಿಯನ್ನು ಅರಿವಳಿಕೆ ತಜ್ಞರಿಗೆ ತೋರಿಸಿ. ಗೊರಕೆ ನಿಲ್ಲಿಸುತ್ತವೆಂದು ಮಾರುವ ಮೂಗಿನ ಕ್ಲಿಪ್ಪು, ಗದ್ದದ ಪಟ್ಟಿ, ಬಾಯಿಗೆ ಅಂಟಿಸುವ ಟೇಪು ಇವು ಯಾವುವೂ ಈ ಯಂತ್ರದ ಬದಲಿಗೆ ಬರುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಬಾಯಿಗೆ ಟೇಪು ಅಂಟಿಸಿಕೊಳ್ಳುವುದಂತೂ ಅಪಾಯಕಾರಿ, ವಾಂತಿ ಬಂದರೆ ಅದು ಹೊರಬರಲು ದಾರಿಯೇ ಇರುವುದಿಲ್ಲ. ಹಳೆಯ ಯಂತ್ರ ಕೊಳ್ಳುವವರು ಅದರ ಮಾದರಿಯನ್ನು ಪರಿಶೀಲಿಸಲೇಬೇಕು. ಒಳಗಿನ ಫೋಮ್ ಪುಡಿಯಾಗುವ ದೋಷದಿಂದಾಗಿ ಫಿಲಿಪ್ಸ್ ಕಂಪನಿ 2021ರ ಜೂನ್‌ನಲ್ಲಿ ತನ್ನ ಅನೇಕ ಮಾದರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತ್ತು.

ಹಂತ 3: ಜಾಗವನ್ನು ಆರಿಸಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಅದಕ್ಕೆ ಸಮನಾದ ಪದವಿ ಪಡೆದ ವೈದ್ಯರು ಮತ್ತು ಐಸಿಯು ಇರುವ ಆಸ್ಪತ್ರೆ, ಇವೆರಡರಲ್ಲಿ ಯಾವುದು ಇಲ್ಲದಿದ್ದರೂ ಬೇರೆ ಜಾಗ ನೋಡಿ. ಸೌಂದರ್ಯ ಚಿಕಿತ್ಸೆಗೆ ಆರೋಗ್ಯ ವಿಮೆ ಸಿಗುವುದಿಲ್ಲವಾದ್ದರಿಂದ ಖರ್ಚು ಉಳಿಸಲೆಂದು ಅದೇ ಸಂಜೆ ಮನೆಗೆ ಕಳುಹಿಸುವ ಪ್ಯಾಕೇಜನ್ನು ಹಲವರು ಒಪ್ಪಿಕೊಳ್ಳುತ್ತಾರೆ. ಮಧ್ಯಮ ಅಥವಾ ತೀವ್ರ ಆಪ್ನಿಯ ಇದ್ದವರು ಇದನ್ನು ಒಪ್ಪಲೇಬಾರದು. ‘ಪೂರ್ತಿ ಅರಿವಳಿಕೆ ಬೇಡ, ಸ್ವಲ್ಪ ಮಂಪರು ಕೊಟ್ಟು ಮಾಡಿಬಿಡೋಣ’ ಎಂಬ ಮಾತು ಕೇಳಲು ಸುರಕ್ಷಿತವೆನಿಸಿದರೂ ವಸ್ತುಸ್ಥಿತಿ ಬೇರೆ. ಶ್ವಾಸನಾಳಕ್ಕೆ ಕೊಳವೆ ಹಾಕಿ ಉಸಿರಿನ ದಾರಿಯನ್ನು ಭದ್ರಪಡಿಸಿದ ಪೂರ್ಣ ಅರಿವಳಿಕೆಗಿಂತ, ದಾರಿಯನ್ನು ಭದ್ರಪಡಿಸದೆ ಕೊಡುವ ಆಳವಾದ ಮಂಪರು ಆಪ್ನಿಯ ರೋಗಿಗೆ ಹೆಚ್ಚು ಅಪಾಯಕಾರಿ. ಹೊಟ್ಟೆಯ ಜೊತೆಗೆ ಸ್ತನ, ತೊಡೆಗಳನ್ನೂ ಒಂದೇ ದಿನ ಸರಿಪಡಿಸುವ ‘ಮಮ್ಮಿ ಮೇಕೋವರ್’ ಬೇಡವೇ ಬೇಡ, ಅರಿವಳಿಕೆಯ ಅವಧಿ ಉದ್ದವಾದಷ್ಟೂ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಏರುತ್ತದೆ. ತೂಕ ಇಳಿಸಲು ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡಬೇಡಿ. ಅವು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ, ಉಪವಾಸವಿದ್ದರೂ ಹೊಟ್ಟೆಯಲ್ಲಿ ಆಹಾರ ಉಳಿದು, ಅರಿವಳಿಕೆಯ ವೇಳೆ ಶ್ವಾಸಕೋಶಕ್ಕೆ ಇಳಿಯಬಹುದು.

ಹಂತ 4: ಮೊದಲ ರಾತ್ರಿಗಳು. ಹೊಟ್ಟೆಯ ಸ್ನಾಯುಗಳನ್ನು ಬಿಗಿದು ಹೊಲಿದಾಗ ಒಳಗಿನ ಒತ್ತಡ ಹೆಚ್ಚಿ, ಎದೆ ಮತ್ತು ಹೊಟ್ಟೆಯ ನಡುವೆ ಇರುವ ಉಸಿರಾಟದ ಸ್ನಾಯುವಾದ ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಮೇಲೆ ಸುತ್ತುವ ಹೊಟ್ಟೆಪಟ್ಟಿ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆಪ್ನಿಯ ಇರುವ ಅನೇಕರು ಪಕ್ಕಕ್ಕೆ ಮಲಗಿ ಹೇಗೋ ಪಾರಾಗುತ್ತಿರುತ್ತಾರೆ, ಆದರೆ ಗಾಯ ಎಳೆಯಬಾರದೆಂದು ವೈದ್ಯರು ಕೆಲವು ವಾರ ಬೆನ್ನ ಮೇಲೆಯೇ ಮಲಗಲು ಹೇಳುವುದರಿಂದ ಆ ದಾರಿಯೂ ಮುಚ್ಚುತ್ತದೆ. ನೋವಿಗೆಂದು ಕೊಡುವ, ಮಾರ್ಫಿನ್ ಗುಂಪಿನ ಓಪಿಯಾಯ್ಡ್ ಔಷಧಿಗಳು ಉಸಿರಾಟವನ್ನೂ, ಉಸಿರು ಕಟ್ಟಿದಾಗ ಎಚ್ಚರಗೊಳ್ಳುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಇದರ ಮೇಲೆ, ಶಸ್ತ್ರಚಿಕಿತ್ಸೆಯ ದಿನ ಕುಸಿದಿದ್ದ ಕನಸಿನ ನಿದ್ರೆ ಮೂರನೆಯ ರಾತ್ರಿಯ ಹೊತ್ತಿಗೆ ಮರಳಿ ಬರುವಾಗ ಗಂಟಲಿನ ಸ್ನಾಯುಗಳು ಪೂರ್ತಿ ಸಡಿಲಗೊಂಡು ರೋಗ ಉಲ್ಬಣಿಸುತ್ತದೆ. ಮನೆಗೆ ಬಂದು ‘ಇನ್ನೇನೂ ಭಯವಿಲ್ಲ’ ಎಂದು ಎಲ್ಲರೂ ನಿದ್ರೆಗೆ ಜಾರುವುದು ಆ ರಾತ್ರಿಯೇ.

ಆದ್ದರಿಂದ ಯಂತ್ರ ಮತ್ತು ಮಾಸ್ಕನ್ನು ಆಸ್ಪತ್ರೆಗೇ ಒಯ್ದು, ಎಚ್ಚರವಾದ ಕೂಡಲೇ ಬಳಸಲು ಆರಂಭಿಸಿ. ಹಗಲಿನ ಸಣ್ಣ ನಿದ್ರೆಗೂ ಮಾಸ್ಕ್ ಬೇಕು. ಮನೆಯಲ್ಲಿ ಕರೆಂಟು ಹೋಗುವುದಾದರೆ ಯುಪಿಎಸ್ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ, ಮೊಣಕಾಲಿನ ಕೆಳಗೆ ದಿಂಬಿಟ್ಟು ಮಲಗುವುದರಿಂದ ಹೊಲಿಗೆಯ ಮೇಲಿನ ಎಳೆತವೂ ಕಡಿಮೆಯಾಗುತ್ತದೆ, ಉಸಿರೂ ಸರಾಗವಾಗುತ್ತದೆ. ಹೊಟ್ಟೆಪಟ್ಟಿ ಪಕ್ಕೆಲುಬಿನ ಮೇಲೇರಿ ಆಳವಾದ ಉಸಿರಿಗೆ ಅಡ್ಡಬಂದರೆ ವೈದ್ಯರಿಗೆ ಹೇಳಿ ಸಡಿಲಿಸಿಕೊಳ್ಳಿ. ಯಂತ್ರದಿಂದ ಗಾಳಿ ನುಂಗಿ ಹೊಟ್ಟೆ ಉಬ್ಬಿದರೆ ಒತ್ತಡದ ಮಟ್ಟವನ್ನು ತಜ್ಞರಿಂದ ಸರಿಪಡಿಸಿಕೊಳ್ಳಬೇಕೇ ಹೊರತು ಮಾಸ್ಕ್ ತೆಗೆದಿಡಬಾರದು.

ನೋವಿಗೆ ಪ್ಯಾರಾಸಿಟಮಾಲ್ ಮತ್ತು ವೈದ್ಯರು ಒಪ್ಪಿದ ಇತರ ಸಾಧಾರಣ ನೋವುನಿವಾರಕಗಳನ್ನು ನೋವು ಏರುವ ತನಕ ಕಾಯದೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಹೊಟ್ಟೆಯ ಗೋಡೆಯ ನರಗಳಿಗೆ ಕೊಡುವ ಟ್ಯಾಪ್ ಬ್ಲಾಕ್ ಚುಚ್ಚುಮದ್ದು ಸಾಧ್ಯವೇ ಎಂದು ಮುಂಚೆಯೇ ಕೇಳಿ. ಟ್ರಮಡಾಲ್ ಕೂಡ ಓಪಿಯಾಯ್ಡ್ ಎಂಬುದು ಬಹಳ ಜನರಿಗೆ ತಿಳಿದಿಲ್ಲ, ಪ್ಯಾರಾಸಿಟಮಾಲ್ ಜೊತೆ ಸೇರಿಸಿದ ಅದರ ಮಾತ್ರೆಗಳು ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿವೆ. ಅದರ ಜೊತೆಗೆ ಆಲ್ಪ್ರಜೋಲಾಮ್‌ನಂಥ ನಿದ್ರೆ ಮಾತ್ರೆ, ಪ್ರಿಗ್ಯಾಬಲಿನ್ ಅಥವಾ ಮದ್ಯ ಸೇರಿದರೆ ಜೀವಕ್ಕೇ ಸಂಚಕಾರ.

ಮನೆಯವರೊಬ್ಬರು ಮೊದಲ ಮೂರು ರಾತ್ರಿಗಳಾದರೂ ಅದೇ ಕೋಣೆಯಲ್ಲಿ ಮಲಗಿ ಆಗಾಗ ಎದ್ದು ನೋಡಬೇಕು. ‘ಗೊರಕೆ ಹೊಡೆಯುತ್ತಾ ಚೆನ್ನಾಗಿ ನಿದ್ರೆ ಮಾಡುತ್ತಿದ್ದಾರೆ’ ಎಂದು ಸಮಾಧಾನಪಡಬಾರದು, ನೋವಿನ ಮಾತ್ರೆ ತೆಗೆದುಕೊಂಡವರ ಜೋರು ಗೊರಕೆ ಎಚ್ಚರಿಕೆಯ ಲಕ್ಷಣ. ಕರೆದರೆ ಸುಲಭವಾಗಿ ಎಚ್ಚರವಾಗದಿದ್ದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾದರೆ ಅಥವಾ ತುಟಿ ನೀಲಿಗಟ್ಟಿದರೆ ಎಬ್ಬಿಸಿ ಕೂರಿಸಿ ತಕ್ಷಣ 108ಕ್ಕೆ ಕರೆ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇರಲಿ, ಆದರೆ ಅದನ್ನಷ್ಟೇ ನಂಬಬೇಡಿ. ಆಕ್ಸಿಜನ್ ಕೊಡುತ್ತಿರುವಾಗ ಉಸಿರಾಟ ಕುಗ್ಗಿದ್ದರೂ ಅದರ ಅಂಕಿ ಬಹಳ ಹೊತ್ತು ಸರಿಯಾಗಿಯೇ ಕಾಣುತ್ತದೆ.

ಹಂತ 5: ವೈದ್ಯರು ಹೇಳಿದ ಕೂಡಲೇ, ಬಾಗಿಕೊಂಡಾದರೂ ಸರಿ, ನಡೆದಾಡಿ. ಮೂರು ಚೆಂಡಿನ ಉಸಿರಾಟದ ಸಾಧನದ ಮೂಲಕ ಎಚ್ಚರವಿದ್ದಾಗ ಗಂಟೆಗೊಮ್ಮೆ ಹತ್ತು ಬಾರಿ ಉಸಿರನ್ನು ಆಳವಾಗಿ ಒಳಗೆಳೆಯಿರಿ. ಒಂದು ಕಾಲು ಮಾತ್ರ ಊದಿಕೊಂಡು ನೋವಾದರೆ ಅಥವಾ ಇದ್ದಕ್ಕಿದ್ದಂತೆ ಏದುಸಿರು ಬಂದರೆ ಆಸ್ಪತ್ರೆಗೆ ಧಾವಿಸಿ.

ಹೊಟ್ಟೆ ಚಪ್ಪಟೆಯಾಯಿತೆಂದು ಯಂತ್ರವನ್ನು ಕಪಾಟಿನಲ್ಲಿಡಬೇಡಿ. ಈ ಶಸ್ತ್ರಚಿಕಿತ್ಸೆ ತೆಗೆಯುವುದು ಹೊಟ್ಟೆಯ ಚರ್ಮವನ್ನು ಮತ್ತು ಅದರ ಕೆಳಗಿನ ಕೊಬ್ಬನ್ನು, ಗಂಟಲಿನ ಇಕ್ಕಟ್ಟು ಇದ್ದ ಹಾಗೆಯೇ ಉಳಿಯುತ್ತದೆ. ತೂಕ ನಿಜವಾಗಿ ಇಳಿದಿದ್ದರೆ, ಗಾಯ ಪೂರ್ತಿ ಮಾಗಿ ನೋವಿನ ಮಾತ್ರೆಗಳೆಲ್ಲ ನಿಂತ ಮೇಲೆ ನಿದ್ರಾ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ, ಯಂತ್ರದ ಒತ್ತಡವನ್ನು ಅದರಂತೆ ಬದಲಿಸಿಕೊಳ್ಳಬಹುದು.